ಹಾಲುಹಲ್ಲು ಕಚ್ಚಿದ ಬಲೆ

ಬೈಲಹೊಂಗಲದಲ್ಲಿ ನಾನು ಬಾಡಿಗೆಗಿರುವ ಮನೆಯಿಂದ ಪಾಠ ಹೇಳುವ ಕಾಲೇಜಿಗೆ ಹೋಗುವ ದಾರಿಯಲ್ಲಿ ಬ್ಯಾಟರಿ ರಿಪೇರಿಯ ಒಂದು ಅಂಗಡಿಯಿದೆ. ಕೆಲವು ದಿನ ಬೆಳಗ್ಗೆ ಅಲ್ಲಿ ಸೀಸ ಕರಗಿಸುತ್ತಾರೆ. ಸುಟ್ಟ ರಬ್ಬರು, ಕಾದ ಕಬ್ಬಿಣ, ಇವುಗಳ ಅಡಿಯಲ್ಲಿ ಇನ್ನೊಂದು ತೆಳುವಾದ ವಾಸನೆ ಬರುತ್ತದೆ. ಅದು ಮೂಗಿಗಿಂತ ಮೊದಲು ನಾಲಿಗೆಗೆ ತಿಳಿಯುತ್ತದೆ. ಅಂಥ ದಿನ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಆದರೂ ತರಗತಿಗೆ ಹೋಗಿ ಹಲಗೆಯ ಮುಂದೆ ನಿಲ್ಲುವಷ್ಟರಲ್ಲಿ ನನ್ನ ಹಲ್ಲುಗಳು ತಾವೇ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಸವದತ್ತಿಯ ಹಿನ್ನೀರಿನ ದಂಡೆಯ ಮೇಲೆ ಈಗ ಇಲ್ಲದ ನಮ್ಮ ತಗಡಿನ ಮನೆ ಕಣ್ಣೆದುರು ಬಂದು ನಿಂತಿರುತ್ತದೆ.

ನಾವು ಐದು ಜನ ಇದ್ದೆವು: ಆಯಿ, ಅಂದರೆ ಅಪ್ಪನ ತಾಯಿ, ಅಪ್ಪ, ಅವ್ವ, ನಾನು ಮತ್ತು ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ನಿಂಗಿ. ಅಪ್ಪ ಮೀನು ಹಿಡಿಯುತ್ತಿದ್ದ. ಹೊಸ ಬೀಸುಬಲೆ ಹೆಣೆದಾಗಲೆಲ್ಲ ಹಳೇ ಬ್ಯಾಟರಿಯ ಸೀಸ ತಂದು, ಕಬ್ಬಿಣದ ಸೌಟಿನಲ್ಲಿ ಹಾಕಿ, ಅವ್ವ ರೊಟ್ಟಿ ಸುಟ್ಟು ಮುಗಿಸಿದ ಒಲೆಯ ಮೇಲೆಯೇ ಕರಗಿಸುತ್ತಿದ್ದ. ಸೀಸ ಮೊದಲು ಮಂಕಾಗಿರುತ್ತಿತ್ತು. ಆಮೇಲೆ ಒಮ್ಮೆಲೇ ಕಣ್ಣು ತೆರೆದಂತೆ ಹೊಳೆಯುತ್ತಿತ್ತು. ಉಸುಕಿನಲ್ಲಿ ಗೀರಿದ ಗೆರೆಗೆ ಹೊಯ್ದು, ಆರಿದ ಮೇಲೆ ಆ ಪಟ್ಟಿಯನ್ನು ಸಣ್ಣಗೆ ಕತ್ತರಿಸಿ, ಬಲೆ ಮುಳುಗಲೆಂದು ಒಂದೊಂದೇ ತುಂಡನ್ನು ಅದರ ಅಂಚಿನ ಹುರಿಗೆ ಮಣಿಯಂತೆ ಸುತ್ತಬೇಕು. ಸುತ್ತಿದ್ದನ್ನು ಬಿಗಿಯಲು ಹಲ್ಲು ಬೇಕು. ಇಕ್ಕಳದಿಂದ ಬಿಗಿದರೆ ಒಳಗಿನ ಹುರಿ ಕಡಿದುಹೋಗುತ್ತದೆ, ದೊಡ್ಡವರ ಹಲ್ಲಿಗೂ ಆ ಹದ ಸಿಗುವುದಿಲ್ಲ. ಹಾಲುಹಲ್ಲು ಮೆತ್ತಗೆ ಕಚ್ಚುತ್ತದೆ. ಹಾಲುಹಲ್ಲು ಕಚ್ಚಿದ ಬಲೆ ಬರಿದಾಗಿ ಮೇಲೆ ಬರುವುದಿಲ್ಲ ಎಂಬ ನಂಬಿಕೆಯೂ ನಮ್ಮವರಲ್ಲಿತ್ತು. ಒಮ್ಮೆ ಅಪ್ಪ ತಾನೇ ಕಚ್ಚಲು ಹೋದಾಗ ಆಯಿ ನಕ್ಕಿದ್ದಳು. "ತಂಬಾಕದ ಹಲ್ಲಿಗೆ ರೊಟ್ಟೀನ ಮುರಿಯೂದಿಲ್ಲ. ಸೀಸಕ್ಕ ಹೊಂಟಾನ ನೋಡು ಶೂರ."

ಹಾಗಾಗಿ ಹಲ್ಲಿನ ಕೆಲಸ ನನ್ನದಾಗಿತ್ತು. ಅಪ್ಪ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಎಲ್ಲಿ ಅದಾಳ ನನ್ನ ಇಕ್ಕಳಾ?" ಎನ್ನುತ್ತಿದ್ದ. ಬಂದವರಿಗೆಲ್ಲ ಬಲೆಯ ಅಂಚು ಎತ್ತಿ ತೋರಿಸುತ್ತಿದ್ದ. ಹೆಚ್ಚು ಮಾತಿಲ್ಲದ ಅಪ್ಪನಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಏಳು ತುಂಬಿ ಮುಂದಿನ ಹಲ್ಲುಗಳು ಬಿದ್ದವು. ಹೊಸ ಹಲ್ಲು ಬಂದ ಮೇಲೆ ಕಚ್ಚಿದರೆ ಹುರಿ ಕತ್ತರಿಸತೊಡಗಿತು. ಅದನ್ನು ಹೇಳಿದ್ದರೆ ಆ ಹೆಸರು ಹೋಗುತ್ತಿತ್ತು. ನಾನು ಹೇಳಲಿಲ್ಲ. ಬಲೆಯನ್ನು ಹಿತ್ತಲಿನ ಮುರುಕು ಗೋಡೆಯ ಹಿಂದೆ ಒಯ್ದು, ಇನ್ನೂ ನಾಲ್ಕು ತುಂಬಿರದ ನಿಂಗಿಯನ್ನು ಕೂರಿಸಿಕೊಂಡು, ಒಂದೊಂದೇ ಮಣಿಯನ್ನು ಅವಳ ಬಾಯಿಗೆ ಹಿಡಿದೆ. ಯಾರಿಗೂ ಹೇಳಬೇಡ ಎಂದೆ. ಅವಳಿಗೆ ಹೇಳುವ ಆಸೆಯೂ ಇರಲಿಲ್ಲ. "ಸೀ ಐತಿ ಅಕ್ಕಾ" ಎಂದು ಆ ಸಿಹಿಗೆ ಇನ್ನೊಂದನ್ನು ಕೇಳಿದಳು. ಕೆಲಸ ಇಲ್ಲದ ದಿನವೂ ಅವಳ ಕೆನ್ನೆಯೊಳಗೆ ಒಂದು ಮಣಿ ಇದ್ದೇ ಇರುತ್ತಿತ್ತು. ಅದು ನನಗೆ ಮಾತ್ರ ಗೊತ್ತಿತ್ತು. ಎರಡು ಬಲೆಗಳನ್ನು ಹೀಗೆ ಮುಗಿಸಿದೆವು. ಎರಡಕ್ಕೂ ಅಪ್ಪ ನನ್ನನ್ನೇ ಹೊಗಳಿದ.

ಆ ಎರಡನೆಯ ಬಲೆಯನ್ನು ಒಳಮನೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಗಾಳಿ ಬಂದರೆ ಅಂಚಿನ ಮಣಿಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತಿದ್ದವು, ಯಾರೋ ದೂರದಲ್ಲಿ ಹಲ್ಲು ಕಡಿದಂತೆ. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿಯೂ ಆ ಸದ್ದು ಬಂದದ್ದು ನನಗೆ ನೆನಪಿದೆ. ಅದು ನೆನಪೋ ಆಮೇಲೆ ಕಟ್ಟಿಕೊಂಡದ್ದೋ ಈಗ ಹೇಳಲಾರೆ. ನಿಂಗಿ ಬಲೆಯ ಕೆಳಗೆ ಕುಳಿತು "ಹೂಂ, ಹೂಂ" ಎಂದು ಅದಕ್ಕೆ ಉತ್ತರ ಕೊಡುತ್ತಿದ್ದಳು. ಅವಳಿಗೆ ಬರುತ್ತಿದ್ದ ಮಾತುಗಳು ಒಂದೊಂದಾಗಿ ಕಾಣೆಯಾದವು. ಮೊದಲು ಹಾಡು ಹೋಯಿತು, ಆಮೇಲೆ ನೆರೆಯವರ ಹೆಸರುಗಳು ಹೋದವು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮಲಗುತ್ತಿದ್ದಳು. ಬಾಯಿ ತೆರೆಸಿ ನೋಡಿದಾಗ ಒಸಡಿನ ಅಂಚಿನುದ್ದಕ್ಕೂ ಒಂದು ನೀಲಿ ಗೆರೆಯಿತ್ತು.

ಆಯಿ ಹುಟ್ಟಿದ ಊರು ಡ್ಯಾಮಿನ ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಯ ಗೋಡೆಗಳು ಎದ್ದು ನಿಲ್ಲುತ್ತಿದ್ದವು. ಎಲ್ಲ ಗೋಡೆಗಳ ಮೇಲೂ ಒಂದೇ ಎತ್ತರದಲ್ಲಿ ನೀರು ಬಿಟ್ಟುಹೋದ ಗೆರೆ ಇರುತ್ತಿತ್ತು. ನಿಂಗಿಯ ಒಸಡು ನೋಡಿದ ಆಯಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ನೀರು ಕೂಸಿನೊಳಗೆ ಬಂದು ಹೋಗಿದೆ, ಇದು ಅದರ ಗುರುತು ಎಂದು ಅವಳಿಗೆ ಖಾತ್ರಿಯಾಗಿತ್ತು. "ಜೀವ ಹಗರ ಆಗೇತಿ ಇಕಿದು" ಎಂದಳು ಅವ್ವನಿಗೆ. "ಭಾರ ಇಲ್ಲದ ಬಲಿ ತೇಲಿ ಹೋಗ್ತೈತಿ. ಭಾರ ಕಟ್ಟಬೇಕು." ಅಪ್ಪನಿಂದ ಒಂದು ದೊಡ್ಡ ಸೀಸದ ಮಣಿ ಹೊಯ್ಯಿಸಿ, ಕರಿ ದಾರಕ್ಕೆ ಪೋಣಿಸಿ, ನಿಂಗಿಯ ಕೊರಳಿಗೆ ಕಟ್ಟಿದಳು. ಮೀನು ಹಿಡಿಯುವವರಿಗೆ ಅದಕ್ಕಿಂತ ಸರಳವಾದ ಸತ್ಯ ಇನ್ನೊಂದಿರಲಿಲ್ಲ. ಅಂದಿನಿಂದ ನಿಂಗಿ ಮಣಿಯನ್ನು ಹುಡುಕಬೇಕಾಗಲಿಲ್ಲ, ಕದಿಯಬೇಕಾಗಲೂ ಇಲ್ಲ. ದಾರ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಆಯಿ ಅದನ್ನು ಬೆವರು ಎಂದುಕೊಂಡಿದ್ದಳು.

ಮೊದಲ ಸಲ ಫಿಟ್ಸ್ ಬಂದಾಗ ಅವಳನ್ನು ಪೇಟೆಯ ಡಾಕ್ಟರ ಹತ್ತಿರ ಒಯ್ದರು. ನಾನೂ ಹೋಗಿದ್ದೆ. ಒಳಗೆ ಹೋಗುವ ಮುಂಚೆ ಅವ್ವ ನಾಚಿಕೊಂಡು ಕೊರಳಿನ ದಾರ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಳು, ಓದಿದವರು ಬೈಯುತ್ತಾರೆಂದು. ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ನಿಂಗಿಯ ಒಸಡನ್ನು ಬಹಳ ಹೊತ್ತು ನೋಡಿ, "ಕೂಸು ಬಾಯಾಗ ಏನರ ಹಾಕ್ಕೊಂತೈತೇನವಾ? ಮಣ್ಣು, ಬಣ್ಣ, ಏನರ?" ಎಂದು ಕೇಳಿದರು. ಅವ್ವ ಇಲ್ಲ ಎಂದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿದರು. "ನೀ ಅಕ್ಕ ಅಲ್ಲೇನು? ಜೋಡಿ ಆಡಾಕಿ ನೀನ. ನೀ ಹೇಳು."

ಅಪ್ಪ ಬಾಗಿಲಲ್ಲಿ ನಿಂತಿದ್ದ. ನನಗೆ ಆಗ ಒಂಬತ್ತು ವರ್ಷ.

"ಏನಿಲ್ರಿ" ಎಂದೆ.

ಅವರು ಔಷಧ ಬರೆದುಕೊಟ್ಟು, ಧಾರವಾಡಕ್ಕೆ ಒಯ್ದು ರಕ್ತ ತೋರಿಸಿ ಎಂದು ಹೇಳಿ ಕಳಿಸಿದರು. ಹೊರಗೆ ಬಂದ ಕೂಡಲೇ ಅವ್ವ ಸೆರಗಿನ ಗಂಟು ಬಿಚ್ಚಿ ದಾರವನ್ನು ಮತ್ತೆ ನಿಂಗಿಯ ಕೊರಳಿಗೆ ಕಟ್ಟಿದಳು. ಧಾರವಾಡಕ್ಕೆ ಹೋಗಬೇಕೆಂದು ಗೊತ್ತುಮಾಡಿದ್ದ ದಿನಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ಬಲೆಯ ಕೆಳಗೆ ಮಲಗಿದ್ದ ನಿಂಗಿ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಬಲೆಯ ಆ ಸದ್ದನ್ನು ಕೇಳುವುದು ಯಾರಿಂದಲೂ ಆಗಲಿಲ್ಲ. ಒಂದು ದಿನ ಅಪ್ಪ ಬಲೆಯನ್ನು ಹರಿಗೋಲಿಗೆ ಹಾಕಿ ನನ್ನನ್ನೂ ಕರೆದುಕೊಂಡು ಹೊರಟ. ಆಯಿಯ ಊರು ಮುಳುಗಿದ್ದ ಜಾಗದ ಮೇಲೆ ನಿಲ್ಲಿಸಿದ. "ನಿನ್ನ ಹಲ್ಲಿನ ಬಲಿ ಇದು" ಎಂದ. "ಬಿಡಲೇನವಾ?" ನಾನು ತಲೆಯಾಡಿಸಿದೆ. ಅವನು ಎಂದಿನಂತೆ ಬೀಸಿ ಎಸೆದು ಹಗ್ಗವನ್ನು ಕೈಬಿಟ್ಟ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು, ಅಂಚು ಮೊದಲಾಗಿ ಮುಳುಗಿತು. ಅದರ ಒಂದೊಂದು ಮಣಿಯ ಮೇಲೂ ನಿಂಗಿಯ ಎರಡು ಹಲ್ಲಿನ ಗುರುತಿತ್ತು. ಅಪ್ಪ ಅದನ್ನು ತಿಳಿಯದೆಯೇ ತೀರಿಕೊಂಡ. ಆಯಿ ಅವನಿಗಿಂತ ಮೊದಲೇ ಹೋಗಿದ್ದಳು. ನಾನು ರಸಾಯನಶಾಸ್ತ್ರ ಓದಿದೆ. ಸೀಸದ ವಿಷ ಮೂಳೆಯಲ್ಲಿ ಹಲವು ವರ್ಷ ಉಳಿಯುತ್ತದೆ ಎಂದು ಓದಿದ ದಿನ ಪುಸ್ತಕ ಮುಚ್ಚಿ ನನ್ನ ಮುಂಗೈಯನ್ನು ನೋಡಿಕೊಂಡದ್ದು ನೆನಪಿದೆ.

ಕಳೆದ ಬೇಸಿಗೆ ಅವ್ವ ಹಿನ್ನೀರು ನೋಡಬೇಕೆಂದಳು. ಅವಳು ಈಗ ನನ್ನ ಜೊತೆ ಇದ್ದಾಳೆ. ಉಗರಗೋಳದಲ್ಲಿ ದೇವಿಯ ಗುಡ್ಡಕ್ಕೆ ಕೈಮುಗಿದು ಆಮೇಲೆ ದಂಡೆಗೆ ಹೋದೆವು. ನೀರು ಬಹಳ ಇಳಿದಿತ್ತು. ನಮ್ಮ ಮನೆಯಿದ್ದಲ್ಲಿ ಜಾಲಿ ಬೆಳೆದಿತ್ತು. ಆಚೆ ಗೋಡೆಗಳು, ಗೋಡೆಗಳ ಮೇಲೆ ಅದೇ ಗೆರೆ. ಒಂದು ಮೋಟುಗೋಡೆಯ ನೆರಳಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಬಲೆಯನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಿದ್ದಳು. ಅವಳ ಒಂದು ಕೆನ್ನೆ ಉಬ್ಬಿತ್ತು.

"ಬಾಯಾಗ ಏನೈತಿ?" ಎಂದು ಕೇಳಿದೆ.

"ಏನಿಲ್ರಿ."

ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಂಗೈ ಒಡ್ಡಿದೆ. "ಉಗುಳವಾ" ಎಂದೆ. ಅವಳು ನನ್ನನ್ನು ಅಳೆಯುವಂತೆ ನೋಡಿದಳು, ಆಮೇಲೆ ಉಗುಳಿದಳು. ಬಲೆ ಒಣಹಾಕುತ್ತಿದ್ದ ಅವಳ ತಾಯಿಯ ಹತ್ತಿರ ಹೋಗಿ, ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ನಾವೆಲ್ಲ ಕಚ್ಚಿಯೇ ದೊಡ್ಡವರಾಗಿದ್ದೇವಲ್ಲ ಎಂದು ಆಕೆ ನಕ್ಕಳು. ನನಗೊಬ್ಬಳು ತಂಗಿ ಇದ್ದಳು ಎಂದೆ. ಆಕೆಯ ನಗು ನಿಂತಿತು. ಮಗಳನ್ನು ಹತ್ತಿರ ಕರೆದು, ಬಾಯಿ ತೆರೆಸಿ, ಬೆಳಕಿಗೆ ಹಿಡಿದು ನೋಡಿದಳು.

ತಿರುಗಿದಾಗ ಅವ್ವ ನನ್ನ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುರುಕು ಗೋಡೆಯ ಹಿಂದಿನ ಕೆಲಸ, ಡಾಕ್ಟರ ಪ್ರಶ್ನೆ, ನನ್ನ ಉತ್ತರ, ಉಳಿದದ್ದನ್ನೂ ಅವಳಿಗೆ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತ ನೀರನ್ನು ನೋಡಿದಳು.

"ಸೀ ಇರತಿತ್ತಂತೇನು ಅಕಿಗೆ?" ಎಂದು ಕೇಳಿದಳು.

ಹೌದು ಎಂದೆ. ಅವ್ವ ತಲೆಯಾಡಿಸಿದಳು. ನನ್ನ ಮುಷ್ಟಿಯಲ್ಲಿ ಆ ಮಣಿ ಇನ್ನೂ ಬೆಚ್ಚಗಿತ್ತು. ಅಂಗೈ ಬಿಚ್ಚಿದೆ. ಅದು ತಣ್ಣಗಾಗುವವರೆಗೂ ನಾವು ಅಲ್ಲಿಯೇ ನಿಂತಿದ್ದೆವು.