ಸೆಣಬು ಬೇಡ, ಸಕ್ಕರೆ ಇರಲಿ

ಕುಷ್ಟಗಿಯಲ್ಲಿ ನಮಗೊಬ್ಬ ಕಾಕಾ ಇದ್ದಾರೆ, ಅಪ್ಪನ ತಮ್ಮ. ಕಿನ್ನಾಳದಲ್ಲಿ ರಾಜ–ರಾಣಿ ಗೊಂಬೆ ಕೊಂಡರೂ ರಾಣಿಯನ್ನು ಬದಲಿಸಿಯೇ ತರುವ ಮನುಷ್ಯ. ಅಂಥವರು ಕಳೆದ ವಾರ ನನ್ನನ್ನೂ ಕರೆದುಕೊಂಡು, ನಮ್ಮಣ್ಣನ ಕಾಗದಪತ್ರ ಹಿಡಿದು ಗದಗಿನ ಶೇರು ಏಜಂಟರ ಮುಂದೆ ಕೂತರು.

"ಇದರಾಗಿನ ಸೆಣಬಿನ ಕಂಪನಿ ತಗೀರಿ. ಒಂದು ಸಕ್ಕರಿ ಕಾರ್ಖಾನಿ ಹಾಕ್ರಿ."

ಏಜಂಟರು ನಕ್ಕರು. ನಾನು ನೆಲ ನೋಡಿದೆ.

ಹೋದ ಸುಗ್ಗಿಯಲ್ಲಿ ತೀರಿಕೊಂಡ ನಮ್ಮಣ್ಣ, ಹತ್ತಿ ಮಾರಲು ಮುಂಬಯಿಗೆ ಹೋದಾಗ ಒಂದು ಟ್ರಸ್ಟಿನಲ್ಲಿ ಹಣ ಹಾಕಿದ್ದ. ಏನಿದು ಟ್ರಸ್ಟು? ಹಲವು ಕಂಪನಿಗಳ ಶೇರುಗಳನ್ನು ಮೊದಲೇ ಆರಿಸಿ ಒಂದು ಗಂಟು ಕಟ್ಟುತ್ತಾರೆ. ಅದರಲ್ಲಿ ನಮಗೊಂದು ಪಾಲು. ಅವಧಿ ಮುಗಿಯುವವರೆಗೆ ಒಂದನ್ನು ತೆಗೆದು ಇನ್ನೊಂದನ್ನು ಹಾಕುವಂತಿಲ್ಲ. ಕೆಟ್ಟ ಕಂಪನಿಯೂ ಒಳಗೇ ಕೂತಿರುತ್ತದೆ. ಬೇಡವಾದರೆ ನಮ್ಮ ಪಾಲನ್ನು ಇಡಿಯಾಗಿ ಅಂದಿನ ಬೆಲೆಗೆ ಮಾರಬೇಕು. (ಲಾಭ ಬಂದೇ ಬರುತ್ತದೆ ಎಂದು ಏಜಂಟರೂ ಹೇಳಲಿಲ್ಲ. ಅವರ ಪ್ರಾಮಾಣಿಕತೆಗೆ ಕಾಕಾ ಬಹಳ ಬೇಸರಪಟ್ಟರು.)

ಯಾರೂ ಕೈಯಾಡಿಸಬಾರದ ವ್ಯವಹಾರ! ಕಾಕಾಗೆ ಅದಕ್ಕಿಂತ ದೊಡ್ಡ ಮೋಸ ಇನ್ನೇನಿದೆ?

ಊರಿಗೆ ಮರಳಿದವರೇ ಅತ್ತಿಗೆಗೆ ಬುದ್ಧಿ ಹೇಳಿದರು. ಸೆಣಬು ಇಳಿಯುತ್ತಿದೆ, ಪಾಲನ್ನು ಪೂರಾ ಮಾರಿಬಿಡು, ಒಂದು ಸಹಿ ಹಾಕಿದರೆ ಸಾಕು ಎಂದರು. ಅಣ್ಣ ಕೊನೆಯದಾಗಿ ಇಷ್ಟಪಟ್ಟು ಮಾಡಿದ ಕೆಲಸ ಅದು.

ಅತ್ತಿಗೆ ಅಡುಗೆಮನೆಯ ಬಾಗಿಲಿನಿಂದ ಕೇಳಿದರು. "ಮಾವಾರ, ಈ ಸಲ ಜ್ವಾಳದಾಗ ಅಕ್ಕಡಿ ಏನು ಹಾಕೀರಿ?"

ಹೊಲದ ಮಾತು ಬಂದರೆ ಕಾಕಾಗೆ ಹುರುಪು. ಜೋಳದ ಸಾಲಿನ ನಡುವೆ ಅಕ್ಕಡಿ ಬೆಳೆಯಾಗಿ ತೊಗರಿ, ಹೆಸರು, ಮಡಕಿ ಎಲ್ಲ ಬಿತ್ತಿದ್ದನ್ನು ವರ್ಣಿಸಿದರು.

"ಹೆಸರು ಬಾಡಿದ್ರ ಅದನ್ನ ಕಿತ್ತು ನಡುವ ಹತ್ತಿ ಊರ್ತೀರೇನ್ರಿ?"

"ಏ, ಹುಚ್ಚಿ! ಒಂದು ಹೋದ್ರ ಇನ್ನೊಂದು ಕೈ ಹಿಡೀತೈತಿ. ಅದಕ್ಕ ಅಲ್ಲೇನವಾ ಅಕ್ಕಡಿ ಹಾಕೂದು?"

ಹೇಳಿ ಮುಗಿಸಿದ ಮೇಲೆ ಕಾಕಾ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡರು.

"ಹಂಗಾದ್ರ ಬಿತ್ತಿದವ್ರು ಹೋದ್ರಂತ ನಿಂತ ಬೆಳೀನ ಹರಗಿ ಕೆಡಸಬೇಕೇನ್ರಿ?" ಎಂದರು ಅತ್ತಿಗೆ.

ಕಾಕಾ ಎಲೆ ಅಡಿಕೆಯ ಚೀಲ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಪಾಲು ಮಾರಲಿಲ್ಲ. ಸೆಣಬು ಇನ್ನೂ ಇಳಿಯಬಹುದು. ನಾವು ಕೂತು ನೋಡಬೇಕು, ಅಷ್ಟೇ. ಅಣ್ಣನ ರುಮಾಲೂ ಪಡಸಾಲೆಯ ಗೂಟದಲ್ಲೇ ಇದೆ.

ಅದರ ಬದಲಿಗೆ ಏನು ತೂಗುಹಾಕೋಣ, ಕಾಕಾ?