ಹನ್ನೆರಡು ನಿಮಿಷದ ವಾರಸಾ

ಸರ್ಕಾರಿ ನೌಕರರ ಆನ್‌ಲೈನ್ ತರಬೇತಿ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ವಿಡಿಯೊ ಹಚ್ಚಿ, ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿ, ಅದು ಮುಗಿಯುವಷ್ಟರಲ್ಲಿ ನಾಲ್ಕು ಅರ್ಜಿ ವಿಲೇವಾರಿ ಮಾಡಿ ಸರ್ಟಿಫಿಕೇಟ್ ಪಡೆದವಳು ನಾನು. ಹೊರದೇಶದವರೊಂದಿಗೆ ಸೇರಿ ಕಲಿಯುವ ತರಬೇತಿಗೆ ಕೊಪ್ಪಳದಿಂದ ನನ್ನ ಹೆಸರು ಹೋಗಿದೆ ಎಂದಾಗ, ಇದೂ ಬೋರಲು ಹಾಕುವ ಬಾಬತ್ತೇ ಅಂದುಕೊಂಡೆ.

ಅದು ಹಾಗಿರಲಿಲ್ಲ. ಒಬ್ಬೊಬ್ಬರಿಗೆ ಒಬ್ಬ ಜೊತೆಗಾರರನ್ನು ಗಂಟು ಹಾಕಿದ್ದರು. ನನಗೆ ಸಿಕ್ಕವಳು ಯಾವುದೋ ಚಳಿದೇಶದ ಸಣ್ಣ ಊರಿನ ನೋಂದಣಿ ಕಚೇರಿಯವಳು. ನನ್ನ ಕೆಲಸಗಳಲ್ಲಿ ಒಂದನ್ನು ನಾನು ವಿಡಿಯೊ ಮಾಡಿ ಕಲಿಸಬೇಕು. ಅವಳು ಅದನ್ನಷ್ಟೇ ನೋಡಿ, ನಮೂನೆ ತುಂಬಿ ಕಳಿಸಬೇಕು. ಅವಳು ತಪ್ಪಿದರೆ ಕಲಿಸಿದವಳದೇ ತಪ್ಪು. ಈ ನಿಯಮ ನನಗೆ ಹಿಡಿಸಿತು.

ನಾನು ಗ್ರಾಮ ಆಡಳಿತಾಧಿಕಾರಿ. ಊರವರ ಬಾಯಲ್ಲಿ ಈಗಲೂ ತಲಾಟಿ. ನಾನು ಆರಿಸಿಕೊಂಡದ್ದು ವಾರಸಾ. ಹೊಲದ ಯಜಮಾನ ತೀರಿಕೊಂಡರೆ ಮನೆಗೆ ಹೋಗಿ, ವಂಶಾವಳಿ ಬರೆದು, ನೆರೆಯ ಐವರ ಮುಂದೆ ಓದಿ ಸಹಿ ಹಾಕಿಸಿಕೊಂಡು, ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಹದಿನಾರು ವರ್ಷದಿಂದ ಮಾಡುತ್ತ ಬಂದ ಕೆಲಸ, ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಹಿಟ್ನಾಳದ ಆಚೆಯ ಒಂದು ಊರಿನಿಂದ ಅಂಥದೊಂದು ಅರ್ಜಿ ಬಂದಿತ್ತು. ವಿಡಿಯೊಗೆ ಮನೆಯವರು ಒಪ್ಪಿದರು. ತೀರಿಕೊಂಡವರ ಹೆಂಡತಿ, ಇಬ್ಬರು ಗಂಡುಮಕ್ಕಳು ಎಂದು ಓದಿದೆ. ಕಟ್ಟೆಯ ಮೇಲೆ ಕೂತ ಐವರೂ ಬರೋಬ್ಬರಿ ಐತ್ರಿ ಎಂದು ಸಹಿ ಹಾಕಿದರು. ಎಲ್ಲ ಹನ್ನೆರಡು ನಿಮಿಷ. ಯಾರ ಹೆಸರೂ ಕೇಳಿಸದಂತೆ ಮಾಡಿ, ಕೆಳಗೆ ಇಂಗ್ಲಿಷಿನ ಸಾಲು ಕೂರಿಸಿ ಕಳಿಸಿದೆ.

ವಾರದೊಳಗೆ ಅವಳ ನಮೂನೆ ಬಂತು. ಹೆಂಡತಿ, ಮಗ, ಮಗ. ಅದರ ಕೆಳಗೆ ನಾಲ್ಕನೆಯ ಖಾನೆಯೊಂದನ್ನು ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಎಂಟನೆಯ ನಿಮಿಷದಲ್ಲಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸು ಯಾರು, ಅವಳನ್ನು ನೀವು ಕೇಳಿದ್ದು ಕಾಣಲಿಲ್ಲ, ಅವಳ ಸರದಿ ಯಾವಾಗ ಬರುತ್ತದೆ ಎಂದು ಪಕ್ಕದಲ್ಲಿ ಬರೆದಿದ್ದಳು.

ಆ ಚಹಾ ಕುಡಿದವಳು ನಾನು. ಕೊಟ್ಟವಳು ಮನೆಯ ಮಗಳು, ತಾಯಿಯ ಜೊತೆ ತಿಂಗಳೊಪ್ಪತ್ತು ಇರಲು ತಳಕಲ್‌ನಿಂದ ಬಂದವಳು ಎಂಬುದು ಗೊತ್ತಿತ್ತು. ಮಗಳಿಗೂ ಮಗನಷ್ಟೇ ಹಕ್ಕಿದೆ ಎಂಬ ಕಾನೂನೂ ಗೊತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅದನ್ನು ಹೇಳಿಕೊಡುವವಳೇ ನಾನು. ಆದರೂ ಮನೆಯವರು ಬರೆಸಿದ್ದನ್ನು ಬರೆದಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನನ್ನ ಪೆನ್ನಿನಲ್ಲೂ ಕೂತಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು.

ಫೈಲು ಆಗಲೇ ನಮ್ಮ ಕಂದಾಯ ನಿರೀಕ್ಷಕ ಸಾಹೇಬರ ಟೇಬಲ್ ಮೇಲಿತ್ತು. ಅವರ ಸಹಿ ಬಿದ್ದರೆ ಕಾಗದದ ಮೇಲೆ ಆ ಮನೆಗೆ ಮಗಳೇ ಇಲ್ಲ. ಹೋಗಿ ಹೇಳಿದೆ. ಸಾಹೇಬರು ಕೆಟ್ಟವರಲ್ಲ, ಅವಸರದವರು. ಎಂಟನೆಯ ನಿಮಿಷವನ್ನು ಕತ್ತರಿಸಿ ವಿಡಿಯೊ ಮತ್ತೆ ಕಳಿಸಿಬಿಡಿ, ಫೈಲು ಇದ್ದ ಹಾಗೇ ಹೋಗಲಿ ಅಂದರು. ವಿಡಿಯೊ ಕತ್ತರಿಸುವುದಿಲ್ಲ, ಫೈಲನ್ನೇ ವಾಪಸ್ ಕೊಡಿ ಎಂದೆ. ಅವರು ನನ್ನ ಮುಖ ನೋಡಿ, ನಿಮ್ಮ ಹಟ ನಿಮಗೇ ಇರಲಿ ಎಂದು ಕೊಟ್ಟರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.

ಹಿರಿಯ ಮಗ ಮುಖ ಗಂಟು ಹಾಕಿದ. ತಂಗಿಯ ಮದುವೆಯನ್ನು ಭಾಳ ಛಲೋ ಮಾಡಿಕೊಟ್ಟಿದ್ದೇವೆ, ಇನ್ನೇನು ಉಳಿದಿದೆ ಎಂದ. ಮೊನ್ನೆ ಸಹಿ ಹಾಕಿದ್ದ ಐವರಿಗೆ ಈ ಸಲ ತಂತಮ್ಮ ಚಪ್ಪಲಿ ನೋಡುವ ಕೆಲಸ ಬಿತ್ತು. ನಾನು ಯಾರ ಜೊತೆಗೂ ವಾದಕ್ಕಿಳಿಯದೆ, ಮಗಳನ್ನು ಕರೆಯಿರಿ ಎಂದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನನಗ ಪಾಲು ಬ್ಯಾಡ್ರಿ ಅಕ್ಕಾರ. ತವರಮನಿ ಬಾಗಲಾ ಮುಚ್ಚತೈತ್ರಿ. ನನ್ನ ಹೆಸರು ಬರೀಬ್ಯಾಡ್ರಿ."

ಈ ಮಾತು ಕಿವಿಗೆ ಬೀಳಬಾರದೆಂದೇ ಹದಿನಾರು ವರ್ಷ ನಾನು ಯಾವ ಮಗಳನ್ನೂ ಕೇಳಿರಲಿಲ್ಲವೇನೋ. ಆಕೆಯ ಹೆದರಿಕೆ ಸುಳ್ಳಲ್ಲ. ಆದರೂ ಬಗ್ಗಲಿಲ್ಲ.

"ಪಾಲು ಬಿಡೋದು ನಿನ್ನ ಇಚ್ಛಾ, ತಂಗಿ. ಬ್ಯಾಡಂದ್ರ ರಿಜಿಸ್ಟರ್ ಆಫೀಸಿಗೆ ಹೋಗಿ ನೀನ ಬರದು ಕೊಡು, ನಾ ಅಡ್ಡ ಬರಂಗಿಲ್ಲ. ಆದ್ರ ಈ ಮನ್ಯಾಗ ನೀ ಹುಟ್ಟೇ ಇಲ್ಲ ಅಂತ ನಾ ಬರಿಯಂಗಿಲ್ಲ."

ಅಣ್ಣ ಏನೋ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ತಾಯಿ ಮುಂದೆ ಸರಿದು, ನನ್ನ ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟಳು.

"ಬರ್ಕೋರಿ. ನಾ ಹಡದಿದ್ದು ಇಬ್ಬರನ್ನಲ್ರಿ, ನಾಕು ಮಂದಿನ್ನ. ದೊಡ್ಡಾಕಿ ಕುಷ್ಟಗ್ಯಾಗ ಅದಾಳ."

ದೊಡ್ಡಾಕೆ ಒಬ್ಬಳಿದ್ದಾಳೆಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.