ಅಕ್ಕ ಅತ್ತ ದಿನ ಸಿಕ್ಕ ಮುಹೂರ್ತ

ಅಕ್ಕಾ, ನಿನ್ನ ಕಂಪನಿಯ ಶೇರು ಬಿದ್ದಾಗ ನನಗೆ ನಷ್ಟವಾಗಲಿಲ್ಲ. ಲಾಭವಾಯಿತು. ಎರಡು ವರ್ಷ ಈ ಮಾತನ್ನು ನುಂಗಿಕೊಂಡು ನಿನ್ನ ಕೋಥರೂಡದ ಮನೆಯಲ್ಲಿ ಉಂಡಿದ್ದೇನೆ. ಇನ್ನು ಆಗದು.

ಬ್ಯಾಂಕಿನ ಕೆಲಸ ಬಿಟ್ಟು ನಾನು ಶೇರು ವ್ಯವಹಾರಕ್ಕೆ ಕೂತದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು — ನೀನು ಹದಿನೆಂಟು ವರ್ಷ ದುಡಿದ ಆ ಸಾಫ್ಟ್‌ವೇರ್ ಕಂಪನಿಯ ಬೆಲೆ ಅದರ ಯೋಗ್ಯತೆ ಮೀರಿ ಉಬ್ಬಿದೆ ಎಂದು ನನಗೆ ಮೊದಲೇ ಅನಿಸಿತ್ತು. ಕೈಯಲ್ಲಿಲ್ಲದ ಶೇರನ್ನು ಎರವಲು ತಂದು ಮೊದಲು ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ತೀರಿಸುವುದು. ಶಾರ್ಟ್ ಮಾಡುವುದೆಂದರೆ ಇಷ್ಟೇ. ಎರಡು ಸಲ ಮಾಡಿದೆ. ಎರಡು ಸಲವೂ ಅದು ಇನ್ನಷ್ಟು ಏರಿತು. ಬೀಳುವುದು ಖಚಿತ, ಆದರೆ ಯಾವಾಗ? ಅದೊಂದು ತಿಳಿಯದೆ ಸೋತು ಸುಣ್ಣವಾಗಿದ್ದೆ.

ಆಮೇಲೆ ನಾವು ಲೋಣಾವಳಾಕ್ಕೆ ಹೋದೆವು. ಭಾವ ಚಿಕ್ಕಿ ತರಲು ಹೊರಗೆ ಹೋಗಿದ್ದರು. ಹೋಟೆಲಿನ ವರಾಂಡದಲ್ಲಿ ಚಹಾ ಕುಡಿಯುತ್ತಾ ಕೂತಿದ್ದ ನೀನು ಇದ್ದಕ್ಕಿದ್ದಂತೆ ಅತ್ತುಬಿಟ್ಟೆ.

"ದೊಡ್ಡ ಗಿರಾಕಿ ಕೈಬಿಟ್ಟಾನ, ತಮ್ಮಾ. ಹೊರಗ ಯಾರಿಗೂ ಗೊತ್ತಿಲ್ಲ. ಕೆಲಸದಿಂದ ತೆಗಿಯೋ ಮಂದಿ ಪಟ್ಟಿ ನನಗ ಮಾಡು ಅಂದಾರ. ಯಾರ ಹೆಸರು ಮೊದಲ ಬರೀಲಿ, ಹೇಳು?"

ಬೆನ್ನ ಮೇಲೆ ಕೈಯಿಟ್ಟು ಕೇಳಿದೆ — "ನಿನ್ನ ಶೇರು ಮಾರಿಬಿಡಬಾರದೇನು?"

"ಹುಚ್ಚಾ! ಒಳಗಿನ ಸುದ್ದಿ ಗೊತ್ತಿದ್ದು ಮಾರಿದ್ರ ಅದು ಕಳ್ಳತನ ಅಲ್ಲೇನು?"

ನಿನ್ನ ಮೇಲಿನ ಕಾಳಜಿಯಿಂದ ಕೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಸುದ್ದಿ ಎಷ್ಟು ದೊಡ್ಡದೆಂದು ಅಳೆಯಲು ಕೇಳಿದ್ದೆ. ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು... ನೀನು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಸೋಮವಾರ ಪೇಟೆ ತೆರೆದ ಕೂಡಲೇ ಮಾರಿದೆ. ನೀನು ಕಳ್ಳತನವೆಂದದ್ದನ್ನೇ ಮಾಡಿದೆ, ನಿನ್ನದೇ ಮಾತು ಬಳಸಿ. ಹತ್ತು ದಿನಕ್ಕೆ ಸುದ್ದಿ ಹೊರಬಿತ್ತು. ಶೇರು ಅರ್ಧಕ್ಕೆ ಇಳಿಯಿತು. ನಿನ್ನ ನಿವೃತ್ತಿಗೆಂದು ಇದ್ದದ್ದು ಆ ಶೇರುಗಳೇ. ನನ್ನ ಹತ್ತಿರವೂ ಆ ಶೇರುಗಳಿವೆ ಎಂದೇ ತಿಳಿದಿದ್ದ ನೀನು ಮರುದಿನ ಫೋನ್ ಮಾಡಿದೆ.

"ನಿಂದೂ ಹೋತೇನು, ತಮ್ಮಾ?"

"ಹೌದಕ್ಕ. ನಂದೂ ಹೋತು."

ಆ ಸಂಜೆ ನೀನು ಡಬ್ಬಿಯಲ್ಲಿ ಹೋಳಿಗೆ ತುಂಬಿಕೊಂಡು ನನ್ನನ್ನು ಸಮಾಧಾನ ಮಾಡಲು ಬಂದೆ. ತಿಂದೆ. ಅದನ್ನೂ ತಿಂದೆ.

ಎರಡನೇ ಪಟ್ಟಿಯಲ್ಲಿ ನಿನ್ನ ಹೆಸರೇ ಇತ್ತು. ಐವತ್ತಾರನೇ ವಯಸ್ಸಿನಲ್ಲಿ ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿ ರಾಂಜಣಗಾಂವದ ಕಾರ್ಖಾನೆಯೊಂದರ ಕಚೇರಿಗೆ ಹೋಗುತ್ತೀ. ನನ್ನ ಲಾಭವೋ, ಹಳೆಯ ನಷ್ಟ ತುಂಬುವುದಕ್ಕೂ ಸಾಲಲಿಲ್ಲ. ಸಾಲಿದ್ದರೆ ಪಾಪ ಕಡಿಮೆಯಾಗುತ್ತಿತ್ತು ಎಂದಲ್ಲ...

ಪೇಟೆಯ ಮೇಲೆ ಕಣ್ಣಿಡುವ ಅಧಿಕಾರಿಗಳಿಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ನಾನು ಮಾರಿದ್ದು ನಿನಗೆ ತಿಳಿದಿರಲಿಲ್ಲ ಎಂಬುದನ್ನೂ ಬರೆದಿದ್ದೇನೆ. ಆದರೂ ಅವರು ನಿನ್ನನ್ನು ಕರೆಸಬಹುದು. ನಿನಗೆ ಮೊದಲು ಹೇಳಬೇಕಿತ್ತು. ಅವರಿಗೆ ಹೇಳುವುದು ಸುಲಭವಾಗಿತ್ತು, ಅಕ್ಕಾ — ಅವರ್‍ಯಾರೂ ನನ್ನನ್ನು ತಮ್ಮಾ ಎಂದು ಕರೆದವರಲ್ಲ.